ಅಪ್ಪನಿಗೆ ಕೇಳಿಸಿದ ಕೂಗು

ತಮ್ಮಾ,

ನಿನ್ನನ್ನು ಎಬ್ಬಿಸಲು ಮನಸ್ಸಾಗಲಿಲ್ಲ, ಆಸ್ಪತ್ರೆಗೆ ಹೊರಟಿದ್ದೇನೆ. ಫ್ಲಾಸ್ಕಿನಲ್ಲಿ ಟೀ ಇದೆ. ಕುಡಿದು ಬೇಗ ಬಾ. ಅಪ್ಪನ ಬೈಬಲ್ ಟಿವಿ ಪಕ್ಕದಲ್ಲಿದೆ, ತೆಗೆದುಕೊಂಡು ಬಾ. ಹಿಂಬಾಗಿಲು ಹಾಕುವುದನ್ನು ಇವತ್ತಾದರೂ ಮರೆಯಬೇಡ.

ನಿನ್ನೆ ಮಧ್ಯಾಹ್ನ ಪಾದ್ರಿಗಳು ಅಪ್ಪನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದಾಗ ನೀನು ವರಾಂಡದಲ್ಲಿ ಮೊಬೈಲಿನಲ್ಲಿ ಮ್ಯಾಚ್ ನೋಡುತ್ತಿದ್ದೆ. ಕೊನೆಯ ಗಳಿಗೆಯಲ್ಲಿ ನಿನ್ನ ತಂಡ ಗೆದ್ದಾಗ "ದೇವ್ರಿದ್ದಾನೆ! ದೇವ್ರಿದ್ದಾನೆ ಕಣ್ರೋ!" ಎಂದು ನೀನು ಕೂಗಿದ್ದು ವಾರ್ಡಿಗೆಲ್ಲ ಕೇಳಿಸಿತು. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಅಪ್ಪ ಮಾತ್ರ ಕಣ್ಣು ಬಿಟ್ಟು, "ಯಾರಮ್ಮ ಅದು, ಅಷ್ಟು ಖುಷಿಯಾಗಿ ಹೇಳ್ತಿರೋದು?" ಎಂದರು.

"ನಿಮ್ಮ ಮಗನೇ ಅಪ್ಪಾ, ಪ್ರಾರ್ಥನೆ ಮಾಡ್ತಿದ್ದಾನೆ" ಎಂದುಬಿಟ್ಟೆ.

ಅಪ್ಪ ಅತ್ತರು. "ಮೂವತ್ತು ವರ್ಷ ಚರ್ಚಿನ ಗಂಟೆ ಹೊಡೆದೆ. ಒಂದು ದಿನಾನೂ ನಂಗೆ ಹಾಗೆ ಕೂಗೋಕೆ ಆಗ್ಲಿಲ್ಲ" ಎಂದರು.

ನಿನ್ನನ್ನು ಬೈಯುವ ಬಾಯಿ ನನಗಿಲ್ಲ. ಹದಿನೈದು ವರ್ಷದಿಂದ ಚರ್ಚಿನಲ್ಲಿ ಹಾಡುತ್ತಿದ್ದೇನೆ, ಹಾಡುವಾಗ ಗೋಡೆಯ ಗಡಿಯಾರವನ್ನೇ ನೋಡುತ್ತಿರುತ್ತೇನೆ.

ಇವತ್ತು ಸಂಜೆ ದಾಟುವುದು ಕಷ್ಟ ಎಂದಿದ್ದಾರೆ ಡಾಕ್ಟರು. ಅಪ್ಪನ ಪಕ್ಕದಲ್ಲಿ ಕೂತು ಬೈಬಲಿನಿಂದ ಒಂದು ಕೀರ್ತನೆ ಓದು. ನಂಬಿಕೆಯಿಲ್ಲ ಎಂದು ವಾದಕ್ಕಿಳಿಯಬೇಡ, ಅದಕ್ಕೆ ನಾಳೆಯಿಂದ ಬೇಕಾದಷ್ಟು ಹೊತ್ತಿದೆ. ಓದಲು ಆಗದಿದ್ದರೆ ಅವರ ಕೈ ಹಿಡಿದುಕೋ. ಆದರೆ ಬಾ. ನಿನ್ನೆಯಿಂದ ಅವರು ನನ್ನ ಮುಖ ನೋಡಿಲ್ಲ, ಬಾಗಿಲ ಕಡೆಗೇ ನೋಡುತ್ತಿದ್ದಾರೆ.

ಅಕ್ಕ