ರಿಜಿಸ್ಟರ್‌ಗೆ ಲೇಟಾಗ್ತಿದೆ

ಮಾರ್ಚ್ 11, ಸೋಮವಾರ

ಎಂಟಕ್ಕೆ ಬೆಲ್ಲು ಒತ್ತಿದೆ, ಗೇಟು ಹಾಕಿದೆ. ತಡವಾಗಿ ಬಂದವರು ಒಂಬತ್ತು ಜನ. ಅದರಲ್ಲಿ ಇಬ್ಬರು ಮೇಷ್ಟ್ರುಗಳು.

ಒಂಬತ್ತೂವರೆಗೆ ಮತ್ತೆ ಬೆಲ್ಲು — ಅಲ್ಲಿಂದ ದೊಂಬಿ. ಇಪ್ಪತ್ತೇಳು ವರ್ಷ ಈ ಲಿಸೆಯೊ ಶಾಲೆಯಲ್ಲಿ ಮಕ್ಕಳು ಕೂತಲ್ಲೇ ಕೂರುತ್ತಿದ್ದರು, ಮೇಷ್ಟ್ರುಗಳು ಕೊಠಡಿಯಿಂದ ಕೊಠಡಿಗೆ ಹೋಗುತ್ತಿದ್ದರು. ಹೊಸ ಹೆಡ್‌ಮೇಡಂ ಇತುರ್ರಾ ಅದನ್ನು ಉಲ್ಟಾ ಮಾಡಿದ್ದಾರೆ. ಈಗ ಮೇಷ್ಟ್ರು ಕೂರುತ್ತಾರೆ, ಆರುನೂರು ಮಕ್ಕಳು ಓಡುತ್ತಾರೆ. ಅವರ ಹಿಂದೆ ತರಗತಿ ರಿಜಿಸ್ಟರೂ ಓಡಬೇಕು. ಏಳನೇ ಬಿ ರಿಜಿಸ್ಟರ್ ನನ್ನ ಪಾಲಿಗೆ. ಕಾರಿಡಾರು ಕಾಯುವ ಇನ್‌ಸ್ಪೆಕ್ಟರ್ ಕೆಲಸ ಸಾಲದು ಅಂತ ಇದೊಂದು. ಮೊಣಕಾಲು ಹಾಳಾಗಿ ಹೋಯಿತು.

ಅದೇ ಏಳನೇ ಬಿ ಹುಡುಗಿ ರಾಯೆನ್, ಮೆಟ್ಟಿಲ ಕೆಳಗೆ ಸಿಕ್ಕಳು. ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಾಳೆ. ಕರೆದರೆ ಬರಲಿಲ್ಲ. ನಲವತ್ತು ನಿಮಿಷ.

ಮಾರ್ಚ್ 14, ಗುರುವಾರ

ಹಿಮೆನಾ ಬಂದಳು — ವಿಶೇಷ ಮಕ್ಕಳ ಟೀಚರು. ಕೈಯಲ್ಲಿ ಚಿತ್ರದ ಕಾರ್ಡುಗಳು. ಬಾಗಿಲು, ಮೆಟ್ಟಿಲು, ವಿಜ್ಞಾನದ ಕೊಠಡಿ. “ನಿಬಾಲ್ದೊ ಮಾಮ, ಇವಳನ್ನ ಬೆಲ್ಲಿಗೆ ಮೂರು ನಿಮಿಷ ಮುಂಚೆ ಹೊರಡಿಸೋಣ. ಗಲಾಟೆ ಇರಲ್ಲ.”

ಹೊರಡಿಸಿದೆವು. ರಾಯೆನ್ ಬಾಗಿಲಲ್ಲೇ ನಿಂತಳು.

“ಬೆಲ್ ಆಗಿಲ್ಲ.”

“ಪರ್ವಾಗಿಲ್ಲ ಕಂದ, ನಾನೇ ಬೆಲ್ ಒತ್ತೋನು. ನಾನ್ ಹೇಳ್ತಿದೀನಲ್ಲ.”

“ಬೆಲ್ ಆಗಿಲ್ಲ.”

ಬೆಲ್ ಆಗದೆ ಹೊರಡುವುದಿಲ್ಲ. ಬೆಲ್ ಆದರೆ ಮೆಟ್ಟಿಲ ಕೆಳಗೆ. ಒಳ್ಳೆ ಕಥೆ ಆಯಿತಲ್ಲ.

ಮಾರ್ಚ್ 27, ಬುಧವಾರ

ರಾಯೆನ್ ತಾಯಿಯನ್ನು ಕರೆಸಿದ್ದರು. ಮೀನಿನ ಫ್ಯಾಕ್ಟರಿಯಿಂದ ನೇರ ಬಂದಿದ್ದಳು, ಬಿಳಿ ಬೂಟಿನಲ್ಲೇ. ಮೇಡಂ ಮೆತ್ತಗೆ ಹೇಳಿದರು — ಹೀಗೇ ಆದರೆ ಹುಡುಗಿಗೆ ಅರ್ಧ ದಿನದ ಶಾಲೆ. ಅರ್ಧ ದಿನ ಅನ್ನೋದು ಹೆಸರಿಗೆ, ಒಂಬತ್ತೂವರೆ ಬೆಲ್ಲಿಗೇ ಮನೆಗೆ.

“ಒಂಬತ್ತೂವರೆಗೆ ಮನೇಲಿ ಯಾರಿರ್ತಾರೆ ಮೇಡಂ? ನಾನು ಕೆಲಸ ಬಿಡ್ಬೇಕು, ಅಷ್ಟೇ. ಅವಳಿಗೆ ಓದೋದಿಷ್ಟ. ಓಡಾಡೋದೊಂದೇ ಕಷ್ಟ.”

ತಾಯಿಯನ್ನು ಗೇಟಿನವರೆಗೆ ಕಳಿಸಿ ಬಂದೆ.

ಏಪ್ರಿಲ್ 3, ಬುಧವಾರ

ಬರೆಯಲೇಬೇಕು ಇದನ್ನ.

ಒಂಬತ್ತೂವರೆ ಬೆಲ್ಲು. ರಾಯೆನ್ ಮೆಟ್ಟಿಲ ಕೆಳಗೆ. ನನಗೂ ಮೊಣಕಾಲು ಹಿಡಿದುಕೊಂಡಿತ್ತು. ರಿಜಿಸ್ಟರ್ ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೆ ಕೂತೆ. ಕೆಳಗಿನಿಂದ ದನಿ ಬಂತು.

“ಮಾಮ, ರಿಜಿಸ್ಟರ್‌ಗೆ ಲೇಟಾಗ್ತಿದೆ.”

“ಆಗ್ಲಿ ಬಿಡಮ್ಮ. ಕಾಲು ಬರ್ತಿಲ್ಲ ನಂಗೆ.”

ಕಾಲು ನೀವಿಕೊಂಡು ತಿರುಗಿದರೆ ರಿಜಿಸ್ಟರ್ ಇಲ್ಲ. ಹುಡುಗಿಯೂ ಇಲ್ಲ. ಸರ್ಕಾರಿ ದಾಖಲೆ ಅದು, ವಿದ್ಯಾರ್ಥಿಗಳು ಮುಟ್ಟುವ ಹಾಗೇ ಇಲ್ಲ. ಕಳೆದರೆ ವಿಚಾರಣೆ. ನಿವೃತ್ತಿಗೆ ಎರಡು ವರ್ಷ ಇರುವಾಗ!

ಕುಂಟುತ್ತಾ ಓಡಿದೆ. ಇನ್ನೂ ಮಕ್ಕಳು ನುಗ್ಗುತ್ತಲೇ ಇದ್ದರು. ಆ ನೂಕುನುಗ್ಗಲಿನ ಮಧ್ಯೆ ಅವಳು — ರಿಜಿಸ್ಟರನ್ನು ಎದೆಗೆ ಅವಚಿಕೊಂಡು, ಗದ್ದ ಅದರ ಮೇಲಿಟ್ಟು, ನೆಟ್ಟಗೆ ಹೋಗುತ್ತಿದ್ದಾಳೆ. ಕಿವಿ ಮುಚ್ಚಿಕೊಳ್ಳಲು ಕೈ ಖಾಲಿ ಇಲ್ಲ. ವಿಜ್ಞಾನದ ಟೀಚರ ಮೇಜಿನ ಮೇಲೆ ಇಟ್ಟಳು, ಇವತ್ತಿನ ಪುಟ ತೆರೆದಳು, ಖಾಲಿ ಚೌಕದ ಮೇಲೆ ಬೆರಳಿಟ್ಟಳು.

“ಇಲ್ಲಿ ಸಹಿ. ನೀಲಿ ಪೆನ್ನು.”

ಟೀಚರು ಸಹಿ ಹಾಕಿದರು. ರಾಯೆನ್ ಹೋಗಿ ಕೂತಳು.

ನಾನು ಬೈದೆ. ಜೋರಾಗಿಯೇ ಬೈದೆ. ಆಮೇಲೆ ಹೊಳೆಯಿತು ಮಂಕುಬುದ್ಧಿಗೆ.

ಏಪ್ರಿಲ್ 12, ಶುಕ್ರವಾರ

ರಿಜಿಸ್ಟರ್ ಹೊರುವುದನ್ನು ರಾಯೆನ್‌ಗೆ ಬಿಟ್ಟು ಎಂಟು ಶಾಲಾದಿನ ಆಯಿತು. ಒಮ್ಮೆಯೂ ಮೆಟ್ಟಿಲ ಕೆಳಗೆ ಹೋಗಿಲ್ಲ. ನಾನು ನಾಲ್ಕು ಹೆಜ್ಜೆ ಹಿಂದೆ, ಮೇಡಂ ನೋಡಿಯೂ ನೋಡದ ಹಾಗೆ. ಹಿಮೆನಾ ಹೇಳಿದಳು, “ಮೂರು ವಾರದಿಂದ ಕಾರ್ಡು ಕತ್ತರಿಸಿ ಕತ್ತರಿಸಿ ಸತ್ತೆ ಮಾಮ, ನೀವು ಮೊಣಕಾಲು ನೋವಲ್ಲಿ ಗೆದ್ಬಿಟ್ರಿ!”

ತೊಂದರೆ ಒಂದೇ, ಗಣಿತದ ವಾಲ್ದೆಬೆನಿತೊ. ಮಹಾನುಭಾವ ವಾರದ ಸಹಿಯನ್ನೆಲ್ಲ ಶುಕ್ರವಾರ ಒಟ್ಟಿಗೆ ಗೀಚುವವನು. ಅವನ ತರಗತಿಯಲ್ಲಿ ಮಕ್ಕಳಿಗೆ ಪೆನ್ನು ನಿಷೇಧ, ಪೆನ್ಸಿಲ್ ಮಾತ್ರ. ಗೇಟಿನಲ್ಲಿ ಚಾಕು ಕಸಿದುಕೊಂಡ ಹಾಗೆ ಕಸಿದುಕೊಳ್ಳುತ್ತಾನೆ. ರಾಯೆನ್ ಸಹಿ ಆಗುವ ತನಕ ಮೇಜು ಬಿಡುವುದಿಲ್ಲ. ದಿನಾ ಸಹಿ ಹಾಕುತ್ತಿದ್ದಾನೆ ಈಗ. ಉರಿದುಕೊಂಡು.

“ಈ ಪಿಳ್ಳೆ ಏನು ಇನ್‌ಸ್ಪೆಕ್ಟರಾ?” ಅಂದ.

“ನನಗಿಂತ ಚೆನ್ನಾಗಿ ಮಾಡ್ತಾಳೆ ಮೇಷ್ಟ್ರೇ.”

ಜೂನ್ 5, ಬುಧವಾರ

ಸ್ಟಾಫ್ ಮೀಟಿಂಗು. ಈ ತಿಂಗಳ ಕೊನೆಗೆ ಬರುವ ಚಳಿಗಾಲದ ರಜೆ ಮುಗಿದ ಮೇಲೆ ಕಾಗದದ ರಿಜಿಸ್ಟರ್ ಇಲ್ಲವಂತೆ. ಪ್ರತಿ ಮೇಷ್ಟ್ರಿಗೂ ಒಂದು ಟ್ಯಾಬ್ಲೆಟ್. ಬೆರಳು ಒತ್ತಿದರೆ ಸಹಿ. ಎಲ್ಲರೂ ಚಪ್ಪಾಳೆ ತಟ್ಟಿದರು.

ಹಿಮೆನಾ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

ಜುಲೈ 8, ಸೋಮವಾರ

ರಜೆ ಮುಗಿಯಿತು. ಒಂಬತ್ತೂವರೆ ಬೆಲ್ಲು. ರಾಯೆನ್ ನನ್ನ ಕೈ ನೋಡಿದಳು, ಕೈ ಖಾಲಿ. ಮೆಟ್ಟಿಲ ಕೆಳಗೆ.

ಉಗ್ರಾಣದಿಂದ ಬರೆಯದ ಹಳೇ ರಿಜಿಸ್ಟರೊಂದು ತಂದುಕೊಟ್ಟೆ. ತೆರೆದು ನೋಡಿದಳು. ಒಂದೊಂದೇ ಪುಟ.

“ಸಹಿ ಇಲ್ಲ. ಇದು ಸುಳ್ಳು.”

ವಾಪಸ್ಸು ಕೊಟ್ಟಳು. ನಾಚಿಕೆ ಆಯಿತು ನನಗೆ.

ಜುಲೈ 9, ಮಂಗಳವಾರ

ರಾತ್ರಿ ಗಟ್ಟಿ ರಟ್ಟಿನ ನೋಟ್‌ಬುಕ್ಕಿಗೆ ಗೆರೆ ಹಾಕಿದ್ದೆ. ದಿನ, ಗಂಟೆ, ಪಾಠ, ಸಹಿ. ಬೆಳಿಗ್ಗೆ ತೋರಿಸಿದೆ.

“ಸಹಿ ಯಾರು ಹಾಕ್ತಾರೆ?”

“ನಾನ್ ಹಾಕ್ತೀನಿ.”

“ನೀವು ಟೀಚರ್ ಅಲ್ಲ.”

ಸರಿ ತಾನೇ? ಅಲ್ಲ. ಕೊಠಡಿ ಕೊಠಡಿಗೆ ಹೋಗಿ ಕೇಳಿದೆ. ವಿಜ್ಞಾನ, ಇತಿಹಾಸ, ಭಾಷೆ — ಎಲ್ಲರೂ ಹೂಂ ಅಂದರು. ಮೇಡಂ ಕರೆದು ಹೇಳಿದರು, “ಹತ್ತೊಂಬತ್ತಕ್ಕೆ ಪುರಸಭೆ ಶಿಕ್ಷಣ ಕಚೇರಿಯಿಂದ ಒಬ್ರು ಬರ್ತಾರೆ ನಿಬಾಲ್ದೊ. ಅವತ್ತು ಎಲ್ಲಾ ಪಾಠಕ್ಕೂ ಅವಳೇ ಹೋಗಿ ಕೂತ್ರೆ ಸರಿ. ಇಲ್ಲಾಂದ್ರೆ ಅರ್ಧ ದಿನ ಅಂತ ಬರ್ಕೊಂಡು ಹೋಗ್ತಾರೆ. ನೀವು ಹಿಂದೆ ಹೋಗೋ ಹಾಗಿಲ್ಲ.”

ಜುಲೈ 11, ಗುರುವಾರ

ವಾಲ್ದೆಬೆನಿತೊ ಒಪ್ಪಲಿಲ್ಲ.

“ನಾನು ಟ್ಯಾಬ್ಲೆಟ್ಟಲ್ಲಿ ಸಹಿ ಮಾಡಿದೀನಿ. ಆಟದ ಪುಸ್ತಕಕ್ಕೆ ಇನ್ನೊಂದ್ಸಲ ಹಾಕೋಕೆ ನಾನೇನು ನಾಟಕದವನಾ?”

“ಐದು ದಿನದ್ದು ಶುಕ್ರವಾರ ಕೂತು ಗೀಚ್ತಿದ್ರಲ್ಲ, ಅದೇನು ಮತ್ತೆ?”

ಬಾಯಿ ಮುಚ್ಚಿಕೊಂಡಿರಬೇಕಿತ್ತು. ಎಲ್ಲರ ಎದುರಿಗೇ ಅಂದುಬಿಟ್ಟೆ. ಅವನ ಮುಖ ಕೆಂಪಾಯಿತು. ನನ್ನ ಹಾಳು ನಾಲಿಗೆಗೆ ಈ ಹುಡುಗಿ ದಂಡ ಕಟ್ಟಬೇಕೇ?

ಜುಲೈ 17, ಬುಧವಾರ

ರಾಯೆನ್ ನೋಟ್‌ಬುಕ್ ಹಿಡಿದು ಉಳಿದ ಪಾಠಗಳಿಗೆಲ್ಲ ಹೋಗುತ್ತಿದ್ದಾಳೆ. ಗಣಿತಕ್ಕೆ ಹೋದಳು, ಮೇಜಿನ ಮೇಲಿಟ್ಟಳು, ನಿಂತಳು. ಅವನು ಬೋರ್ಡಿನ ಕಡೆ ತಿರುಗಿಕೊಂಡ. ಏಳು ನಿಮಿಷ ನಿಂತಳಂತೆ. ಆಮೇಲೆ ನೋಟ್‌ಬುಕ್ ಮುಚ್ಚಿ, ಹೊರಗೆ ಬಂದು, ಮೆಟ್ಟಿಲ ಕೆಳಗೆ.

ಸಂಜೆ ಅವನ ಬಳಿ ಹೋದೆ. ಕ್ಷಮೆ ಕೇಳಿದೆ. ಇಪ್ಪತ್ತೇಳು ವರ್ಷದಲ್ಲಿ ಯಾರನ್ನೂ ಕೇಳಿದವನಲ್ಲ.

“ಆಯ್ತು, ಹೋಗ್ರಿ” ಅಂದ. ಏನು ಆಯ್ತೋ, ದೇವರೇ ಬಲ್ಲ.

ಶುಕ್ರವಾರ ಕೊನೆಯ ಪಾಠ ಗಣಿತ.

ಜುಲೈ 19, ಶುಕ್ರವಾರ

8:20. ಕಚೇರಿಯ ಹೆಂಗಸು ಬಂದಿದ್ದಾಳೆ. ಕೈಯಲ್ಲಿ ಫೈಲು. ಕಾರಿಡಾರಿನಲ್ಲಿ ಕುರ್ಚಿ ಹಾಕಿಕೊಟ್ಟೆ. ರಾಯೆನ್ ಭಾಷೆಯ ಪಾಠದಲ್ಲಿ. ಸಹಿ ಆಗಿದೆ.

9:38. ವಿಜ್ಞಾನಕ್ಕೆ ಹೋದಳು. ಹೆಂಗಸು ಏನೋ ಬರೆದುಕೊಂಡಳು. ನಾನು ಹಿಂದೆ ಹೋಗಲಿಲ್ಲ. ಕಾಲು ತಾನಾಗಿ ಎದ್ದಿತ್ತು, ಕೂರಿಸಿದೆ.

11:15. ಬೆಲ್ಲು ಒತ್ತಿದೆ. ಸ್ವಲ್ಪ ಜಾಸ್ತಿ ಹೊತ್ತು ಹೊಡೆಯಿತು. ನನ್ನ ಕಿಟಕಿಯಿಂದ ಅಂಗಳದಾಚೆಯ ಗಣಿತದ ಕೊಠಡಿ ಕಾಣುತ್ತದೆ. ರಾಯೆನ್ ಅಂಗಳ ದಾಟಿದಳು, ಗದ್ದ ನೋಟ್‌ಬುಕ್ಕಿನ ಮೇಲೆ. ದೊಡ್ಡ ಹುಡುಗನೊಬ್ಬ ಢಿಕ್ಕಿ ಹೊಡೆದ. ನಿಂತಳು... ಮತ್ತೆ ನಡೆದಳು. ಒಳಗೆ ಹೋದಳು. ಫೈಲಿನ ಹೆಂಗಸು ಬಾಗಿಲ ಹತ್ತಿರ.

11:19. ಮೇಷ್ಟ್ರು ಹೇಳುವ ತನಕ ತರಗತಿ ಎದ್ದು ನಿಂತೇ ಇರಬೇಕು ಇಲ್ಲಿ. ತಲೆಗಳೆಲ್ಲ ಇನ್ನೂ ಕಿಟಕಿಯಲ್ಲಿ ಕಾಣುತ್ತಿವೆ. ಅಂದರೆ ಕೂರಲು ಹೇಳಿಲ್ಲ. ರಾಯೆನ್ ಮೇಜಿನ ಪಕ್ಕ. ವಾಲ್ದೆಬೆನಿತೊ ಟ್ಯಾಬ್ಲೆಟ್ ನೋಡುತ್ತಿದ್ದಾನೆ.

11:21. ಇನ್ನೂ ನಿಂತಿದ್ದಾಳೆ. ಹಾಕೋ ಮಾರಾಯ. ನಿನ್ನ ಕಾಲಿಗೆ ಬೀಳುತ್ತೇನೆ, ಹಾಕು.

11:22. ಟ್ಯಾಬ್ಲೆಟ್ ಕೆಳಗಿಟ್ಟ. ಜೇಬು ತಡಕುತ್ತಿದ್ದಾನೆ. ಕೋಟಿನ ಜೇಬು, ಪ್ಯಾಂಟಿನ ಜೇಬು. ಮೇಜಿನ ಖಾನೆ ಎಳೆದ. ಬೋರ್ಡಿನ ಕಪ್ಪು ಮಾರ್ಕರ್ ತೋರಿಸಿದ, ರಾಯೆನ್ ತಲೆ ಅಲ್ಲಾಡಿಸಿದಳು. ಮಕ್ಕಳ ಕಡೆ ತಿರುಗಿ ಏನೋ ಕೇಳಿದ. ಎಲ್ಲರೂ ಪೆನ್ಸಿಲ್ ಎತ್ತಿ ತೋರಿಸುತ್ತಿದ್ದಾರೆ.

ಬಾಗಿಲಿಗೆ ಬಂದ. ಅಂಗಳದಾಚೆಯಿಂದ ಕೂಗುತ್ತಿದ್ದಾನೆ —

“ನಿಬಾಲ್ದೊ! ನೀಲಿ ಪೆನ್ನು! ಬೇಗ ತಗೊಂಡ್ ಬನ್ರಿ, ಈ ಹುಡುಗಿ ನನ್ನ ಬಿಡೋಳಲ್ಲ!”

ಇಲ್ಲಿರುವ ನೀಲಿ ಪೆನ್ನು ಒಂದೇ, ಈಗ ಬರೆಯುತ್ತಿರುವ ಈ