ತೋಳದ ಮರಿಗಳನ್ನು ತೊಟ್ಟಿಲಿಗೆ ಹಾಕಿದ್ದು

ನಮ್ಮೆಲ್ಲರ ತೋಳದ ಮಾಮಾನಿಗೆ, ನಿನ್ನ ಅಕ್ಕನ ಮಗಳು ಸುಮಾ ಮಾಡುವ ನಮಸ್ಕಾರ.

ಹೋದ ವರ್ಷ ಗಣೇಶ ಚೌತಿಯ ಮುಂಚೆ ನೀನು ಪುಣೆಯ ಕೊಂಢವಾದಲ್ಲಿರುವ ನನ್ನ ಅಚ್ಚಿನ ಅಂಗಡಿಗೆ ಬಂದು ಕೂತದ್ದು ನೆನಪಿದೆಯೇ? ಲಗ್ನಪತ್ರಿಕೆಗಳ ಕಟ್ಟುಗಳಿಂದ ಕಾಲಿಡಲೂ ಜಾಗವಿರಲಿಲ್ಲ. ನೀನು ಅವನ್ನೆಲ್ಲ ಪಕ್ಕಕ್ಕೆ ಸರಿಸಿ, ಚೀಲದಿಂದ ಮಂತ್ರಿಗಳಿಗೆ ಬರೆದ ಅರ್ಜಿ ತೆಗೆದು, "ಸುಮೀ, ಇದರದು ನಾಕು ಪ್ರತಿ ಮಾಡಿ ಕೊಡವ್ವಾ" ಎಂದೆ. ಶಿರೂರಿನ ಆಚೆಯ ಮಾಳದಲ್ಲಿ ತೋಳಗಳಿವೆ, ಗಿಡ ನೆಡುವುದಕ್ಕೆಂದು ಅಲ್ಲಿ ಯಂತ್ರದಿಂದ ಗುಂಡಿ ತೋಡಿದರೆ ಅವುಗಳ ಗವಿ ಹಾಳಾಗುತ್ತದೆ, ದಯವಿಟ್ಟು ತಡೆಯಿರಿ. ಎಷ್ಟು ವರ್ಷಗಳಿಂದ ಅದೇ ಅರ್ಜಿ! ನನಗೆ ಸಿಟ್ಟು ನೆತ್ತಿಗೇರಿತು. "ಯಾರ್ ಓದ್ತಾರ ಮಾಮಾ ನಿನ್ನ ಅರ್ಜಿ? ಪತ್ರಿಕಿ ಕೊಟ್ಟು ಕರದ್ರ ಮಂತ್ರಿಗಳು ಓಡಿ ಬರ್ತಾರ. ಅರ್ಜಿ ಕೊಟ್ರ ಅದು ರದ್ದಿಗೆ ಹೋಗ್ತದ" ಎಂದು ಗಿರಾಕಿಗಳ ಎದುರೇ ಅಂದುಬಿಟ್ಟೆ. ನಿನಗೆ ಬೇಸರವೂ ಆಗಲಿಲ್ಲ. "ಖರೇ ಅಂದಿ ನೋಡು" ಎಂದು ನಕ್ಕು, ಪ್ರತಿಗಳನ್ನು ಮಡಚಿಕೊಂಡು ಬಸ್ಸಿಗೆ ಹೋದೆ. ದೀಪಾವಳಿಗೆ ಮುನ್ನ ನೀನೇ ಈ ಲೋಕ ಬಿಟ್ಟು ಹೊರಟುಹೋದೆ. ಆಡಿದ ಆ ಮಾತನ್ನು ವಾಪಸು ತಗೊಳ್ಳೋಣವೆಂದರೆ... ಇರಲಿ, ಇವತ್ತು ಅಳುವುದಕ್ಕೆ ಕೂತಿಲ್ಲ ನಾನು.

ನಾನು ಎರಡನೇ ಇಯತ್ತೆಯಲ್ಲಿದ್ದಾಗ ಒಮ್ಮೆ ನೀನು ಸೈಕಲ್ಲಿನ ಮುಂದೆ ನನ್ನನ್ನು ಕೂರಿಸಿಕೊಂಡು ಆ ಮಾಳಕ್ಕೆ ಹೋಗಿದ್ದೆ. ಟೆಲಿಫೋನ್ ತಂತಿ ಎಲ್ಲಿ ಕಡಿದಿದೆ ಎಂದು ಹುಡುಕುವುದು ನಿನ್ನ ನೌಕರಿ, ಎಲ್ಲೂ ಕಡಿಯದಿದ್ದರೂ ಮಾಳ ಸುತ್ತುವುದು ನಿನ್ನ ಹುಚ್ಚು. ಹುಲ್ಲಿನಿಂದ ಒಂದು ತೋಳ ಎದ್ದು ನಿಂತಿತು. ನಾನು ಶಿರೂರಿಗೆಲ್ಲ ಕೇಳುವಂತೆ ಅತ್ತೆ. ಅದು ನಮ್ಮನ್ನು ಒಮ್ಮೆ ನೋಡಿ, ಇವಳ ಸಹವಾಸವೇ ಬೇಡ ಅನ್ನುವ ಹಾಗೆ ನಡೆದುಹೋಯಿತು. "ನಮ್ಮ ಸುಮೀನ ಕಂಡು ತೋಳ ಅಂಜಿ ಓಡ್ತು" ಎಂದು ನೀನು ನನ್ನ ಮದುವೆಯಲ್ಲಿ ಬೀಗರ ಮುಂದೆಯೂ ಹೇಳಿದೆಯಲ್ಲ, ಸ್ವಲ್ಪವಾದರೂ ನಾಚಿಕೆ? ಸರಕಾರಿ ಕಾಗದದಲ್ಲಿ ಆ ಜಾಗಕ್ಕೆ ಬಂಜರು ಎಂದು ಬರೆದಿದ್ದರು. ನಿನಗೆ ಸಿಟ್ಟು ಬರುತ್ತಿದ್ದದ್ದು ಅದೊಂದಕ್ಕೇ. "ಬಂಜರ ಅಂತ ಬರದವರು ಒಂದು ದಿನಾರ ಇಲ್ಲಿ ಬಂದು ನಿಂತಾರೇನು?" ಎಂದು ಕೇಳುತ್ತಿದ್ದೆ.

ಸಂಕ್ರಾಂತಿಯ ಹಿಂದಿನ ದಿನ ಖಂಡೂ ಫೋನು ಮಾಡಿದ. ನಿನಗೆ ಮಾಳದಲ್ಲಿ ಚಹಾ ಕಾಸಿಕೊಡುತ್ತಿದ್ದ ಅದೇ ಕುರಿಗಾಹಿ ಖಂಡೂ. "ಪಿಲ್ಲಂ ಝಾಲೀ! ಚಾರ್!" ಎಂದು ಕೂಗಿದ. ನಾಲ್ಕು ಮರಿ, ಮಾಮಾ, ಹುಟ್ಟಿ ತಿಂಗಳಾಗಿ ಈಗ ಗವಿಯಿಂದ ಹೊರಗೆ ಬಂದಿವೆ! ಕುಣಿಯಬೇಕು ಅನ್ನುವಷ್ಟರಲ್ಲಿ ಅವನ ದನಿ ಇಳಿಯಿತು. ಗುಂಡಿ ತೋಡುವ ಯಂತ್ರವೂ ಬಂದು ನಿಂತಿದೆ, ಬರುವ ಸೋಮವಾರ ಕೆಲಸ ಶುರು ಎಂದ. ಆಗ ನಾನು ಯಾರದೋ ಮನೆಯ ತೊಟ್ಟಿಲ ಕಾರ್ಯಕ್ರಮದ ಪತ್ರಿಕೆಗೆ ಅರಿಸಿನ ಹಚ್ಚುತ್ತಿದ್ದೆ. ಗಿರಾಕಿಗೆ ಕೊಡುವ ಮೊದಲ ಪತ್ರಿಕೆಯ ನಾಲ್ಕೂ ಮೂಲೆಗೆ ಅರಿಸಿನ ಹಚ್ಚುವುದು ನನ್ನ ಪದ್ಧತಿ, ನಿನಗೆ ಗೊತ್ತಲ್ಲ. ಕೈ ಅಲ್ಲೇ ನಿಂತಿತು. ನಾನೇ ಹೇಳಿದ್ದೆನಲ್ಲ ನಿನಗೆ, ಪತ್ರಿಕೆ ಕೊಟ್ಟರೆ ಓಡಿ ಬರುತ್ತಾರೆ ಎಂದು!

ಆ ಸಂಜೆಯೇ ಅಚ್ಚು ಹಾಕಿದೆ. ಒಳ್ಳೆಯ ದಪ್ಪ ಕಾಗದ, ಮೇಲೆ ಗಣಪತಿ, ಚೆಂದದ ಮರಾಠಿ. ಒಂದಕ್ಷರ ಸುಳ್ಳಿಲ್ಲ ಅದರಲ್ಲಿ. ಶಿರೂರಿನ ಆಚೆಯ ಮಾಳದ ತೋಳ ದಂಪತಿಗೆ ನಾಲ್ಕು ಮರಿ ಹುಟ್ಟಿವೆ, ಭಾನುವಾರ ಬೆಳಿಗ್ಗೆ ನಾಮಕರಣ, ಮರುದಿನ ಅವುಗಳ ಮನೆ ಅಗೆಯಲಿದ್ದಾರೆ, ತಾವು ಬಂದು ಆಶೀರ್ವದಿಸಿ ಕಾಪಾಡಬೇಕು. ಇಷ್ಟು ವರ್ಷ ಪತ್ರಿಕೆ ಅಚ್ಚು ಹಾಕಿದ ನನಗೆ ತಿಳಿಯದೇ? ಪತ್ರಿಕೆಯನ್ನು ಯಾರೂ ಪೂರ್ತಿ ಓದುವುದಿಲ್ಲ. ದಿನ, ವೇಳೆ, ಸ್ಥಳ, ಮುಗಿಯಿತು. ನೀನು ಅರ್ಜಿ ಬರೆಯುತ್ತಿದ್ದ ಮಂತ್ರಿಬಾಯಿಯವರ ಪುಣೆಯ ಮನೆಗೆ ತೆಂಗಿನಕಾಯಿ, ಕುಪ್ಪಸದ ಕಣದ ಜೊತೆ ಕೊಟ್ಟು ಬಂದೆ. ಅವರ ಆಪ್ತ ಸಹಾಯಕ ನಿಂತಲ್ಲೇ ಡೈರಿಯಲ್ಲಿ ಬರೆದುಕೊಂಡ.

ಭಾನುವಾರ ಮಣ್ಣುರಸ್ತೆಯಲ್ಲಿ ಧೂಳೆಬ್ಬಿಸಿಕೊಂಡು ಮೂರು ಕಾರು ಬಂದೇ ಬಿಟ್ಟವು. ಪೆಂಡಾಲಿಲ್ಲ, ವಾದ್ಯವಿಲ್ಲ. ಖಂಡೂನ ಮನೆಯ ಹೆಂಗಸರು, ನಾನು, ಒಂದು ಬುಟ್ಟಿ ಗುಗ್ಗರಿ. ಮಂತ್ರಿಬಾಯಿ ಕೈಯಲ್ಲಿ ಬೆಳ್ಳಿಯ ಬಟ್ಟಲು ಹಿಡಿದು ಇಳಿದು, "ಬಾಳ ಕುಠಂ ಆಹೇ?" ಎಂದರು. ಮಗು ಎಲ್ಲಿ? ನಾನು ಹುಲ್ಲಿನ ಕಡೆ ಕೈ ತೋರಿಸಿದೆ. ಸಹಾಯಕ ಪತ್ರಿಕೆಯನ್ನು ಆಗ ಮೊದಲ ಸಲ ಪೂರ್ತಿ ಓದಿದ, ಪಾಪ, ಮುಖ ಇಷ್ಟಾಯಿತು. ಬಾಯಿಯವರೂ ಇಸಿದುಕೊಂಡು ಓದಿದರು. ಹುಬ್ಬು ಗಂಟಾಯಿತು. ಅವರು ತಿರುಗಿ ಕಾರು ಹತ್ತಿದರೆ ಮರಿಗಳ ಕತೆ ಮುಗಿದಂತೆ. ನಾನು ನೀನು ಬಿಟ್ಟುಹೋದ ದುರ್ಬೀನನ್ನು ಅವರ ಕೈಗೆ ಕೊಟ್ಟೆ.

ದೂರದ ದಿಬ್ಬದ ಮೇಲೆ ತಾಯಿ ಮಲಗಿತ್ತು. ಒಂದು ಮರಿ ಅದರ ಬಾಲ ಎಳೆಯುತ್ತಿತ್ತು, ಇನ್ನೊಂದು ಆ ಮರಿಯ ಬಾಲ ಎಳೆಯುತ್ತಿತ್ತು. ಉಳಿದೆರಡು ಒಂದರ ಮೇಲೊಂದು ಬಿದ್ದು ಉರುಳಿದವು. ಬಾಯಿಯವರು ದುರ್ಬೀನು ಕೆಳಗಿಳಿಸಲೇ ಇಲ್ಲ! ನನಗೂ ಧೈರ್ಯ ಬಂತು. ಹುಲಿಯ ಪರವಾಗಿ ಹೇಳುವವರು ನೂರು ಜನ ಇದ್ದಾರೆ, ಹುಲ್ಲಿನಲ್ಲಿರುವ ಇವುಗಳ ಪರವಾಗಿ ಹೇಳಲು ನೀವಾದರೂ ಆಗಿ, ಒಮ್ಮೆ ಹೋದವೆಂದರೆ ಯಾವ ಸರಕಾರವೂ ಇವನ್ನು ತಿರುಗಿ ತರಲಾರದು ಎಂದೆ. ಅವರು ಉತ್ತರ ಕೊಡುವ ಮೊದಲೇ ಖಂಡೂನ ಅವ್ವ ನಡುವೆ ಬಾಯಿ ಹಾಕಿ, "ಆತ್ಯಾ ಕೋಣ?" ಎಂದಳು. ಸೋದರತ್ತೆ ಯಾರು? ಅವಳಿಲ್ಲದೆ ಹೆಸರಿಡುವುದುಂಟೇ? "ಮೀಚ," ಎಂದರು ಮಂತ್ರಿಬಾಯಿ, ನಾನೇ ಎಂದು ಎದೆ ಮುಟ್ಟಿಕೊಂಡು!

ಹೆಸರಿಡುವ ಸೋದರತ್ತೆಯ ಬೆನ್ನಿಗೆ ಹೆಂಗಸರು ಗುದ್ದುವ ಪದ್ಧತಿ ನಮ್ಮಲ್ಲಿದ್ದಂತೆ ಮರಾಠಿಯವರಲ್ಲೂ ಇದೆಯಲ್ಲ? ಬಾಯಿಯವರು ಮರಿಗಳ ಕಡೆ ಬಗ್ಗಿ ಏನೋ ಪಿಸುಗುಟ್ಟಿದ್ದೇ ತಡ, ಖಂಡೂನ ಅವ್ವ ಮೊದಲ ಗುದ್ದು ಹಾಕಿದಳು. ಬಾಯಿಯವರ ಕಾವಲಿಗೆ ಬಂದಿದ್ದ ಪೊಲೀಸರು ಓಡಿ ಬಂದರು. "ಇರಲಿ ಬಿಡಿ" ಎಂದು ಅವರನ್ನು ತಡೆದದ್ದು ಸ್ವತಃ ಮಂತ್ರಿಗಳು, ಗುದ್ದು ತಿನ್ನುತ್ತಾ, ನಗುತ್ತಾ. ಆ ಗಲಾಟೆಯಲ್ಲಿ ಇಟ್ಟ ಹೆಸರು ಯಾರಿಗೂ ಕೇಳಿಸಲಿಲ್ಲ. ಆಮೇಲೆ ಬೆನ್ನು ಸವರಿಕೊಂಡು ನೆಟ್ಟಗೆ ನಿಂತು, ಯಂತ್ರದ ಕಡೆ ನೋಡಿ, ಇದನ್ನು ಇವತ್ತೇ ಇಲ್ಲಿಂದ ಒಯ್ಯಿರಿ ಎಂದರು. ನಾನು ಗುಗ್ಗರಿ ಹಂಚಿದೆ. ಮುಖ ಸಣ್ಣದು ಮಾಡಿಕೊಂಡಿದ್ದ ಸಹಾಯಕನಿಗೆ ಎರಡು ಮುಷ್ಟಿ ಜಾಸ್ತಿ.

ಬೇಸಗೆಯಲ್ಲಿ ಆದೇಶವೇ ಬಂತು. ಮಾಳದಲ್ಲಿ ಗುಂಡಿ ತೋಡುವಂತಿಲ್ಲ, ದಾಖಲೆಯಲ್ಲಿ ಬಂಜರು ಹೋಗಿ ಹುಲ್ಲುಗಾವಲು ಆಗಬೇಕು. ಅದರ ಮೇಲ್ಭಾಗದಲ್ಲಿ, ಈ ಕೆಳಗಿನ ಅರ್ಜಿಗಳನ್ನು ಪರಿಶೀಲಿಸಲಾಗಿದೆ ಎಂದು ಬರೆದು ನಿನ್ನ ಹೆಸರಿತ್ತು ಮಾಮಾ. ನೀನು ಬರೆದ ಒಂದೊಂದೂ, ತಾರೀಖಿನ ಸಮೇತ. ಒಂದೂ ರದ್ದಿಗೆ ಹೋಗಿರಲಿಲ್ಲ. ನಾನು ತಪ್ಪು ಹೇಳಿದ್ದೆ. ಪತ್ರಿಕೆ ಅವರನ್ನು ಕರೆತಂದಿರಬಹುದು, ಕಾಗದದಲ್ಲಿ ನಿಂತದ್ದು ಮಾತ್ರ ನಿನ್ನ ಅರ್ಜಿಯೇ. ಕ್ಷಮಿಸುತ್ತೀಯಲ್ಲ?

ಇವತ್ತು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಮತ್ತೆ ಖಂಡೂನ ಫೋನು. ಅರ್ಧ ತಾಸು ಬೈದ, ಮಾಮಾ, ನನ್ನನ್ನು, ನಿನ್ನನ್ನು, ಸೋದರತ್ತೆಯನ್ನು ಸೇರಿಸಿ. ಅವನ ಒಂದು ಕುರಿಮರಿ ಹೋಗಿದೆಯಂತೆ. ಪರಿಹಾರಕ್ಕೆ ನಾನೇ ಬರೆದುಕೊಡುತ್ತೇನೆ ಎಂದು ಸಮಾಧಾನ ಮಾಡಿದೆ. ತಾಯಿ ತೋಳ ಎತ್ತಿಕೊಂಡು ಹೋಯಿತೇ ಎಂದು ಕೇಳಿದೆ. ಅವನು, ಬೈಗುಳವನ್ನೆಲ್ಲ ಮರೆತವನಂತೆ, ಇಲ್ಲ, ತಾಯಿ ದಿಬ್ಬದ ಮೇಲೆ ಕೂತು ಸುಮ್ಮನೆ ನೋಡುತ್ತಿತ್ತು ಎಂದ. ನಾಲ್ಕೂ ಸೇರಿ ತಾವೇ ಹಿಡಿದವಂತೆ. ಮಾಮಾ, ನಮ್ಮ ಮರಿಗಳು ಬೇಟೆ ಕಲಿತವು.