ತಿರುವಿ ನೋಡದೆ ತಂದ ಪಾತ್ರೆ

ಬುಧವಾರ, ೧೫ ಅಕ್ಟೋಬರ್.

ತನ್ನ ಹಳೆಯ ಮುದ್ದೆ ಪಾತ್ರೆಯ ಕಥೆಯನ್ನು ಅವ್ವ ಮೊದಲ ಸಲ ಹೇಳಿದ್ದು ನಿನ್ನೆ, ಊಟಕ್ಕೆ ಕೂತಾಗ. ಒಂದು ತಿಂಗಳು ಮೊದಲೇ ಹೇಳಬಾರದಿತ್ತೇ!

ಹೆಂಡತಿ ಗೌತಮಿಗೆ ಮಣಿಕಟ್ಟು ನೋವು ಎಂದು ಅವ್ವನ ದಪ್ಪ ತಳದ ಪಾತ್ರೆಯನ್ನು ಅಂಗಡಿಗೆ ಕೊಟ್ಟು, ಹಗುರವಾದ ನಾನ್‌ಸ್ಟಿಕ್ ತಂದವನು ನಾನೇ. ತಿಂಗಳೆಲ್ಲ ಅದರಲ್ಲೇ ಮುದ್ದೆ. ಮುದ್ದೆ ತಿರುವುವ ಕೋಲಿನ ಏಟಿಗೆ ಒಳಗಿನ ಕಪ್ಪು ಲೇಪ ಏಳುತ್ತಿದ್ದುದು ರಾಗಿಯ ಬಣ್ಣದಲ್ಲಿ ಯಾರಿಗೂ ಕಾಣಲಿಲ್ಲ. ನಿನ್ನೆ ಗೌತಮಿ ಅದರಲ್ಲಿ ಅನ್ನ ಮಾಡಿದಳು. ಬಿಳಿ ಅನ್ನದ ತುಂಬ ಕರಿ ಚೂರು. ಇಷ್ಟು ದಿನ ಏನು ತಿಂದೆವೋ!

ಅವ್ವ ತಟ್ಟೆ ಪಕ್ಕಕ್ಕಿಟ್ಟಳು. "ನಾನು ನರಸೀಪುರಕ್ಕೆ ಪಾತ್ರೆ ತರಕ್ಕೆ ಓದಾಗ ಮುದ್ದೆಕೋಲೂ ತಕ್ಕೊಂಡೋಗಿದ್ದೆ ಕಣ್ಲಾ. ಅಂಗ್ಡಿ ನೆಲದ ಮೇಲೆ ಕುಂತು, ಕಾಲಲ್ಲಿ ಅದುಮ್ಕಂಡು, ಬರೀ ಪಾತ್ರೇಲೇ ಕೋಲು ತಿರುವ್ದೆ. ಎಲ್ರೂ ನಕ್ರು. ಮೂರು ಜಾರ್ದೋ, ನಾಕ್ನೇದು ಅಲ್ಲಾಡ್ನಿಲ್ಲ, ಅದ್ನೇ ತಂದೆ. ಕೈ ನೋಯೋದು ಭಾರಕ್ಕಲ್ಲ, ಪಾತ್ರೆ ಜಾರೋದ್ಕೆ. ನೀನು ಬೆರಳಲ್ಲಿ ಎತ್ತಿ ನೋಡಿ ತಂದ್ಬುಟ್ಟೆ!"

"ಊಂ ಅತ್ತೆ, ಈ ತಿಂಗ್ಳೇ ನಂಗೆ ನೋವು ಜಾಸ್ತಿ ಆಗಿರೋದು," ಎಂದಳು ಗೌತಮಿ.

ಊರಿಗೆಲ್ಲ ಕಥೆ ಹೇಳುವ ನಾನು ಪಾತ್ರೆ ಬದಲಿಸುವ ಮುನ್ನ ಅವ್ವನನ್ನು ಒಂದು ಮಾತು ಕೇಳಿರಲಿಲ್ಲ.

ಇಂದು ಬೆಳಿಗ್ಗೆ ಗೌತಮಿಯೂ ನನ್ನನ್ನು ಕೇಳಲಿಲ್ಲ. ಅವ್ವನನ್ನು ಕರೆದುಕೊಂಡು ನಂಜನಗೂಡಿನ ಬಸ್ಸು ಹತ್ತಿದಳು. ಮುದ್ದೆಕೋಲಿನ ತುದಿ ಅವಳ ಚೀಲದಿಂದ ಹೊರಗೆ ಕಾಣುತ್ತಿತ್ತು.